ಬರೆದುಕೊಡಿ ಎನ್ನುತ್ತಿದ್ದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರು ಎಂದು ಅವರ ತಂಗಿ ಸರಸಮ್ಮ ಎಲ್ಲರಿಗಿಂತ ಮೊದಲು ಫೋನ್ ಮಾಡಿದ್ದು ನನಗೆ. "ನೆಂಟರಿಗೂ ಇನ್ನೂ ಹೇಳಿಲ್ಲ ಕಣೋ ವೆಂಕಟೇಶಾ. ಅವನಿಗೆ ನಿನ್ನಷ್ಟು ಆದೋರು ಯಾರಿದ್ದಾರೆ ಹೇಳು" ಎಂದರು. ನಾನು ಆಗ ಕೋಲಾರದ ಬಸ್ ನಿಲ್ದಾಣದ ಹೊರಗೆ ಎಳನೀರು ಕುಡಿಯುತ್ತ ನಿಂತಿದ್ದೆ. ಫೋನ್ ಜೇಬಿಗೆ ಹಾಕಿ, ಉಳಿದಿದ್ದನ್ನು ಪೂರ್ತಿ ಕುಡಿದೆ. ಕಾಯಿ ಒಡೆಸಿ ಗಂಜಿಯನ್ನೂ ತಿಂದೆ. ಆಮೇಲೆ ಬಸ್ಸು ಹತ್ತಿದೆ. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದೆ ಓದುವವರಿಗೆ ನನ್ನ ಬಗ್ಗೆ ತಪ್ಪು ಕಲ್ಪನೆ ಬೇಡ.

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ಹೆಸರು ಬೇಡ. ಒಂದು ಹೈಸ್ಕೂಲು, ಒಂದು ಆರೋಗ್ಯ ಕೇಂದ್ರ, ಒಂದು ನ್ಯಾಯಬೆಲೆ ಅಂಗಡಿ. ಸುತ್ತ ಹಿಪ್ಪುನೇರಳೆ, ಟೊಮೆಟೊ, ಮಾವಿನ ತೋಪು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಮೇಷ್ಟ್ರು ಆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದರು. ಮುಳಬಾಗಿಲಿನ ಹಳೆಯ ಶಾನುಭೋಗರ ಮನೆತನ. ಕುಳ್ಳು, ಕಪ್ಪು, ಕಿವಿಯಲ್ಲಿ ಉದ್ದುದ್ದ ಕೂದಲು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು: ಒಂದು ಅವರದು, ಇನ್ನೊಂದು ಎದುರಿಗಿರುವವರಿಗೆ. ಎದುರಿಗಿರುವವರಿಗೆ ಯಾಕೆಂದರೆ, ಯಾರು ಏನು ಹೇಳಿದರೂ ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಬರೆದುಕೊಡಿ."

ಕರೆಂಟು ಹೋಗಿ ಮೂರು ದಿನವಾದಾಗ ಲೈನ್‌ಮನ್ "ನಾಳೆ ಬರುತ್ತೆ ಮೇಷ್ಟ್ರೇ" ಎಂದರೆ, "ನಾಳೆ ಅಂತ ಬರೆದುಕೊಡಪ್ಪ" ಎಂದು ಪೆನ್ನು ಚಾಚುತ್ತಿದ್ದರು. ಹೆಡ್‌ಮಾಸ್ತರು ಭಾನುವಾರವೂ ಸ್ಪೆಷಲ್ ಕ್ಲಾಸ್ ಮಾಡಿ ಎಂದರೆ ಅವರಿಗೂ ಅದೇ ಪೆನ್ನು. ಅವರಿಗೆ ಮದುವೆಯಾಗಲಿಲ್ಲ. ಅದಕ್ಕೂ ಊರಿನಲ್ಲಿ ಒಂದು ಕತೆಯಿತ್ತು. ಹೆಣ್ಣು ನೋಡಲು ಚಿಂತಾಮಣಿಯ ಕಡೆ ಹೋದಾಗ, ಉಪ್ಪಿಟ್ಟು ಕಾಫಿ ಎಲ್ಲ ಮುಗಿದ ಮೇಲೆ, ಹುಡುಗಿಯ ತಂದೆಗೆ "ಹುಡುಗಿಗೆ ಒಪ್ಪಿಗೆ ಇದೆ ಅಂತ ನೀವು ಹೇಳ್ತಿದ್ದೀರಿ. ಅವಳ ಕೈಲಿ ಒಂದು ಸಾಲು ಬರೆಸಿಕೊಡಿ" ಎಂದರಂತೆ. ಆ ಮನುಷ್ಯ ಎದ್ದು ಇವರ ಚಪ್ಪಲಿಯನ್ನು ತಾನೇ ತಂದು ಬಾಗಿಲ ಹೊರಗಿಟ್ಟನಂತೆ. ನಾನು ಧೈರ್ಯ ಮಾಡಿ ಒಮ್ಮೆ ಇದು ನಿಜವೇ ಎಂದು ಕೇಳಿದ್ದೆ. "ಚಪ್ಪಲಿ ವಿಷಯ ಸುಳ್ಳು. ಉಳಿದದ್ದು ನಿಜ" ಎಂದಿದ್ದರು.

ಅವರು ಒಳ್ಳೆಯ ಮನುಷ್ಯರು ಎಂದು ನಾನು ಹೇಳುವುದಿಲ್ಲ. ನಾಲಿಗೆ ಕೊಯ್ಯುವ ಹಾಗಿತ್ತು. ಉತ್ತರ ಪತ್ರಿಕೆ ಹಂಚುವಾಗ ತಪ್ಪುಗಳನ್ನು ಜೋರಾಗಿ, ರಾಗವಾಗಿ ಓದುತ್ತಿದ್ದರು, ಇಡೀ ತರಗತಿ ನಗುವವರೆಗೆ. ತೊದಲುವ ಒಬ್ಬ ಹುಡುಗನಿಂದ ಸಂವಿಧಾನದ ಪ್ರಸ್ತಾವನೆಯನ್ನು ಬಾಯಿಪಾಠ ಹೇಳಿಸಿದರು. ಅವನು ಮುಗಿಸುವಷ್ಟರಲ್ಲಿ ಗಂಟೆ ಹೊಡೆದಿತ್ತು. ಮಾರನೆಯ ದಿನದಿಂದ ಆ ಹುಡುಗ ಸ್ಕೂಲಿಗೆ ಬರಲಿಲ್ಲ. ನಮ್ಮಪ್ಪ ರೇಷ್ಮೆಹುಳ ಸಾಕುವ ರೈತ. ಒಮ್ಮೆ ಎಲೆ ಹೊರೆಯೊಂದಿಗೆ ಸ್ಕೂಲಿನ ಮುಂದೆ ಹೋಗುತ್ತಿದ್ದಾಗ ಮೇಷ್ಟ್ರು ಕೂಗಿ ನಿಲ್ಲಿಸಿದರು. "ನಿನ್ನ ಮಗ ಡಾಕ್ಟ್ರು ಆಗ್ತಾನಂತೆ. ಅವನ ವಿಜ್ಞಾನದ ಮಾರ್ಕ್ಸ್ ನೋಡಿದ್ದೀಯಾ? ಆಸ್ಪತ್ರೇಲಿ ಬ್ಯಾಂಡೇಜ್ ಕಟ್ಟೋನಾದ್ರೆ ನಿನ್ನ ಪುಣ್ಯ." ಅಪ್ಪ ಹೊರೆ ಇಳಿಸದೆ, ತಲೆ ಎತ್ತಲೂ ಆಗದೆ, ಹಾಗೇ ನಿಂತು "ಆಗ್ಲಿ ಸ್ವಾಮಿ" ಎಂದ. ಆಮೇಲೆ ಎರಡು ಬೇಸಿಗೆ ನನ್ನನ್ನು ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ಪಾಠ ಹೇಳಿ, ನರ್ಸಿಂಗ್ ಕೋರ್ಸಿನ ಅರ್ಜಿ ತಾವೇ ತಂದು ತುಂಬಿಸಿದ್ದೂ ಅವರೇ. ನಾನು ಬ್ಯಾಂಡೇಜ್ ಕಟ್ಟುವವನೇ ಆದೆ. ಊರಿನ ಆರೋಗ್ಯ ಕೇಂದ್ರಕ್ಕೆ ಗುತ್ತಿಗೆಯ ಮೇಲೆ ಸೇರಿದ ದಿನ ಅವರಿಗೆ ನಮಸ್ಕಾರ ಮಾಡಲು ಹೋದರೆ, "ಹೇಳಿದ್ನಲ್ಲ" ಎಂದರು. ಅವರ ಆಶೀರ್ವಾದ ಅಷ್ಟೇ.

ಮೇಷ್ಟ್ರು ರಿಟೈರಾಗಿ ಎಷ್ಟೋ ವರ್ಷದ ಮೇಲೆ ಕೊರೋನಾ ಬಂತು, ಅದರ ಹಿಂದೆಯೇ ಲಸಿಕೆ ಬಂತು. ಮೊದಮೊದಲು ಜನ ಕ್ಯೂ ನಿಂತು ಹಾಕಿಸಿಕೊಂಡರು. ಆಮೇಲೆ ಕ್ಯೂ ನಿಂತುಹೋಯಿತು. ಉಳಿದವರು ಹೆದರುವವರು. ನಮ್ಮ ಜೀಪಿನ ಸದ್ದು ಕೇಳಿದರೆ ಹಿಪ್ಪುನೇರಳೆ ತೋಟದೊಳಗೆ ನುಗ್ಗಿ ಕೂರುತ್ತಿದ್ದರು. ನಾವು ಹೋಗಿ ಎಳೆದು ತರುತ್ತಿದ್ದೆವು. ಎಳೆದು ಎಂದರೆ ಎಳೆದೇ. ಒಬ್ಬ ಮುದುಕಿಯನ್ನು ಇಬ್ಬರು ಹಿಡಿದುಕೊಂಡರು, ಚುಚ್ಚಿದವನು ನಾನು. ಅವಳು ನನ್ನ ಕೈ ಕಚ್ಚಿದಳು. ಮುದುಕಿಗೆ ಹಲ್ಲಿರಲಿಲ್ಲ, ಬರೀ ವಸಡಿನಲ್ಲಿ ಕಚ್ಚಿದಳು. ನಾವೆಲ್ಲ ನಕ್ಕೆವು. ಲಸಿಕೆ ಒಳ್ಳೆಯದೇ. ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಆ ದಿನ ನಾನು ಅವಳ ಒಳ್ಳೆಯದಕ್ಕೆ ಚುಚ್ಚಲಿಲ್ಲ. ಸಂಜೆ ಐದು ಗಂಟೆಗೆ ತಾಲ್ಲೂಕಿಗೆ ಕಳಿಸಬೇಕಾದ ವರದಿಗೆ ಚುಚ್ಚಿದೆ.

ಮೇಷ್ಟ್ರು ಹೆದರುವವರ ಪೈಕಿ ಅಲ್ಲ. ಪೇಪರು ಓದಿ, ಲಸಿಕೆ ಹೇಗೆ ಕೆಲಸ ಮಾಡುತ್ತದೆಂದು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು. ಜೊತೆಗಿದ್ದ ತಂಗಿಗೆ ಮೊದಲ ವಾರದಲ್ಲೇ ಹಾಕಿಸಿದ್ದರು. ತಾವು ಕ್ಯೂ ಕರಗಲಿ ಎಂದು ಕಾದರು, ಅಷ್ಟರಲ್ಲಿ ಊರಿನಲ್ಲಿ ಎಳೆದಾಟ ಶುರುವಾಗಿತ್ತು. ಅವರು ನಿಂತುಬಿಟ್ಟರು.

"ಯಾವಾಗ ಬರ್ತೀರಾ ಸಾರ್?" ಎಂದು ಕೇಳಿದೆ.

"ನೀವು ಜನರನ್ನ ನಾಯಿ ಹಿಡ್ದ ಹಾಗೆ ಹಿಡಿಯೋದು ನಿಲ್ಲಿಸಿದ ದಿನ."

"ಅದು ಜನರ ಒಳ್ಳೇದಕ್ಕೇ ಅಲ್ವಾ ಸಾರ್?"

"ಒಳ್ಳೇದೇ ಕಣೋ. ಒಳ್ಳೇದನ್ನ ಹೇಳಿ ಒಪ್ಪಿಸು. ಕಡ್ಡಾಯ ಅಂದ್ರೆ ಆರ್ಡರ್ ತೋರ್ಸು, ನಾಳೆ ಬೆಳಿಗ್ಗೆ ಬಂದು ಕೈ ಚಾಚ್ತೀನಿ. ಕಡ್ಡಾಯ ಅಲ್ಲ ಅಂದ್ರೆ ಅದನ್ನ ಬರೆದುಕೊಡು, ಇವತ್ತೇ ಚಾಚ್ತೀನಿ. ಎರಡೂ ಇಲ್ಲದೆ ಮೈ ಮೇಲೆ ಕೈ ಹಾಕಬೇಡ."

ಎರಡರಲ್ಲಿ ಯಾವುದನ್ನೂ ನಾನು ಬರೆದುಕೊಡುವ ಹಾಗಿರಲಿಲ್ಲ. ಏಕೆಂದರೆ ಅಂಥ ಕಾಗದವೇ ಎಲ್ಲೂ ಇರಲಿಲ್ಲ. ಎಲ್ಲ ಬಾಯಿ ಮಾತಿನಲ್ಲಿ, ವಾಟ್ಸಾಪಿನಲ್ಲಿ ನಡೆಯುತ್ತಿತ್ತು.

ಅದೇ ತಿಂಗಳು, ಲಸಿಕೆ ಹಾಕಿಸಿಕೊಳ್ಳದವರಿಗೆ ಪಡಿತರ ಇಲ್ಲ ಎಂದು ಬಾಯಿ ಮಾತಿನಲ್ಲೇ ಅಪ್ಪಣೆಯಾಯಿತು. ಮೇಷ್ಟ್ರ ಮನೆಗೆಲಸದ ನಾರಾಯಣಮ್ಮ ಚೀಲ ಹಿಡಿದು ಹೋದವಳು ಖಾಲಿ ಚೀಲದೊಂದಿಗೆ ಅಳುತ್ತ ಬಂದಳು. ಮೇಷ್ಟ್ರು ಅವಳನ್ನು ಕರೆದುಕೊಂಡು ನೇರವಾಗಿ ಅಂಗಡಿಗೆ ಬಂದರು. ನಾನು ಅಲ್ಲೇ ಲಸಿಕೆಯ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಕಂದಾಯ ಇಲಾಖೆಯ ಒಬ್ಬ ಅಧಿಕಾರಿ ಕುರ್ಚಿ ಹಾಕಿಸಿಕೊಂಡು ಪಟ್ಟಿ ನೋಡುತ್ತಿದ್ದ. ನಾರಾಯಣಮ್ಮ ಅವನ ಮುಂದೆ ಕೈಮುಗಿದು, "ಸೂದಿ ವದ್ದು ಸಾಮಿ, ಬಿಯ್ಯಂ ಇವ್ವಂಡಿ" ಎಂದು ತೆಲುಗಿನಲ್ಲಿ ಗೋಗರೆದಳು. ಸೂಜಿ ಬೇಡ, ಅಕ್ಕಿ ಕೊಡಿ ಎಂದು.

"ಸೂಜಿ ಇಲ್ಲ ಅಂದ್ರೆ ಅಕ್ಕಿ ಇಲ್ಲ. ಮೇಲಿಂದ ಆರ್ಡರ್ ಆಗಿದೆ" ಎಂದ ಅಧಿಕಾರಿ.

ಮೇಷ್ಟ್ರು ಮುಂದೆ ಬಂದರು. "ಎಲ್ಲಿ ಆರ್ಡರು, ತೋರ್ಸಿ."

"ಮೌಖಿಕ ಆದೇಶ ಮೇಷ್ಟ್ರೇ."

"ಹಾಗಿದ್ರೆ ನೀವೇ ಬರೆದುಕೊಡಿ. ನಾರಾಯಣಮ್ಮ ಅನ್ನೋ ಹೆಂಗಸಿಗೆ ಸೂಜಿ ಚುಚ್ಚಿಸ್ಕೊಳ್ಳದ ಕಾರಣಕ್ಕೆ ಅಕ್ಕಿ ಕೊಟ್ಟಿಲ್ಲ ಅಂತ ಒಂದು ಸಾಲು. ಕೆಳಗೆ ಸಹಿ, ಹುದ್ದೆ. ತಗೊಳ್ಳಿ ಪೆನ್ನು."

ಕ್ಯೂನಲ್ಲಿದ್ದವರೆಲ್ಲ ಸುತ್ತ ಸೇರಿದರು. ಅಧಿಕಾರಿ ಪೆನ್ನು ಮುಟ್ಟಲಿಲ್ಲ. ಯಾರಿಗೋ ಫೋನ್ ಮಾಡಿದ, ಅತ್ತ ಕಡೆಯವರು ಎತ್ತಲಿಲ್ಲ. ಕೊನೆಗೆ ಅಂಗಡಿಯವನ ಕಡೆ ತಿರುಗಿ, "ಕೊಡಯ್ಯ, ಇವತ್ತು ಎಲ್ರಿಗೂ ಕೊಟ್ಟು ಕಳಿಸು" ಎಂದು ಜೀಪು ಹತ್ತಿ ಹೋದ. ಎಲ್ಲರಿಗೂ ಅಕ್ಕಿ ಸಿಕ್ಕಿತು. ಆಗ ಮೇಷ್ಟ್ರು ಮಾಡಿದ್ದು ಇನ್ನೊಂದು ಕೆಲಸ. ಚೀಲ ಹೊತ್ತು ನಿಂತವರ ಕಡೆ ತಿರುಗಿ, "ಅಕ್ಕಿ ನಿಮ್ಮ ಕೈಗೆ ಬಂತಲ್ಲ. ಈಗ ನನ್ನ ಮಾತು ಕೇಳಿ. ಸೂಜಿ ಒಳ್ಳೇದು. ಬೇಕಾದೋರು ಹೋಗಿ ಹಾಕ್ಸ್ಕೊಳ್ಳಿ" ಎಂದರು. ನಾರಾಯಣಮ್ಮ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಕಣ್ಣು ಮುಚ್ಚಿ, ನನಗೆ ತೋಳು ಕೊಟ್ಟಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಆ ದಿನ ಯಾರನ್ನೂ ಹಿಡಿದುಕೊಳ್ಳಬೇಕಾಗಲಿಲ್ಲ.

ನನಗೆ ಸಂತೋಷವಾಗಬೇಕಿತ್ತು, ಅವಮಾನವಾಯಿತು. ಸಂಜೆ ತಾಲ್ಲೂಕಿನ ಆರೋಗ್ಯಾಧಿಕಾರಿ ಫೋನಿನಲ್ಲಿ, "ಆ ಮುದುಕ ನಿನ್ನ ಗುರು ಅಂತೆ. ಅವನ ಕೈಲಿ ನಮ್ಮೋರ ಮಾನ ಹರಾಜು ಹಾಕ್ಸಿದ್ದೀಯ. ಊರಲ್ಲಿ ಒಬ್ಬನೂ ಬಾಕಿ ಇರಬಾರದು. ಇದ್ರೆ ನಿನ್ನ ಗುತ್ತಿಗೆ ಮುಂದುವರಿಯಲ್ಲ" ಎಂದರು. ನನ್ನ ಹೆಂಡತಿಗೆ ಆಗ ಆರು ತಿಂಗಳು.

ವಾರ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು, ಮೇಷ್ಟ್ರದು. ಅವರ ಗುರುತಿನ ಚೀಟಿಯ ನಂಬರು, ಫೋನ್ ನಂಬರು ಎರಡೂ ಮನೆಮನೆ ಸಮೀಕ್ಷೆಯಲ್ಲಿ ನಾನೇ ಬರೆದುಕೊಂಡಿದ್ದೆ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ಕೋಣೆಯಲ್ಲಿ ಯಾರೂ ಇಲ್ಲದಾಗ, ಕಂಪ್ಯೂಟರಿನಲ್ಲಿ ಅವರ ಹೆಸರಿನ ಮುಂದೆ ಹಾಕಲಾಗಿದೆ ಎಂದು ಒತ್ತಿದೆ. ಲೆಕ್ಕ ಸರಿಹೋಗಬೇಕಲ್ಲ, ಸೀಸೆಯಿಂದ ಒಂದು ಡೋಸು ಎಳೆದು ಹತ್ತಿಗೆ ಹಿಂಡಿ ಕಸದ ಡಬ್ಬಿಗೆ ಹಾಕಿದೆ. ಎರಡನೆಯ ಡೋಸಿನ ದಿನ ಬಂದಾಗಲೂ ಹಾಗೆಯೇ ಮಾಡಿದೆ. ಎರಡನೆಯ ಸಲ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಅವರ ಹಳೆಯ ಫೋನಿಗೆ ಎರಡು ಸಲವೂ ಇಂಗ್ಲಿಷಿನಲ್ಲಿ ಸಂದೇಶ ಹೋಯಿತು. ಅವರು ಫೋನಿನಲ್ಲಿ ಬಂದಿದ್ದನ್ನು ಓದುವವರಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ಊರು ನೂರಕ್ಕೆ ನೂರಾಯಿತು. ನನಗೆ ಪ್ರಶಂಸಾ ಪತ್ರ ಕೊಟ್ಟರು. ಶಾಲು ಹೊದಿಸಿ ಫೋಟೋ ತೆಗೆದರು.

ಕೆಲವು ತಿಂಗಳ ಮೇಲೆ ಮೇಷ್ಟ್ರು ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಬಂದರು. ಒಗೆದು ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಗಂಧ, ಕೈಯಲ್ಲಿ ಪೇಪರಿನ ತುಂಡು. ಲಸಿಕೆ ಯಾರಿಗೂ ಕಡ್ಡಾಯವಲ್ಲ ಎಂದು ಸರ್ಕಾರವೇ ನ್ಯಾಯಾಲಯದಲ್ಲಿ ಹೇಳಿದೆ ಎಂಬ ಸುದ್ದಿ ಅದರಲ್ಲಿತ್ತು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಲೇ, ಬರೆದುಕೊಟ್ಟುಬಿಟ್ರು ಕಣೋ!" ಎಂದು ಆ ತುಂಡನ್ನು ನನ್ನ ಮೇಜಿನ ಮೇಲಿಟ್ಟರು. ಸ್ಟೂಲಿನ ಮೇಲೆ ಕೂತು ಅಂಗಿಯ ಎಡತೋಳು ಮಡಿಚಿದರು. "ಇನ್ನು ನನಗೇನೂ ತಕರಾರಿಲ್ಲ. ಹಾಕು."

ದುರದೃಷ್ಟಕ್ಕೆ ಆ ದಿನ ತಾಲ್ಲೂಕಿನ ಅಧಿಕಾರಿ ತಪಾಸಣೆಗೆಂದು ಬಂದು ಪಕ್ಕದಲ್ಲೇ ಕೂತಿದ್ದರು. ಅವರು ಹೆಸರು ಕೇಳಿ, ಕಂಪ್ಯೂಟರ್ ನೋಡಿ, "ಇವರಿಗೆ ಎರಡೂ ಆಗಿದೆಯಲ್ರೀ" ಎಂದರು. ಇಬ್ಬರೂ ನನ್ನ ಮುಖ ನೋಡಿದರು. ಒಂದು ಮಾತು ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಕೇಸೂ ಆಗುತ್ತಿತ್ತು. ಮೇಷ್ಟ್ರ ತೋಳು ಇನ್ನೂ ಚಾಚಿಕೊಂಡೇ ಇತ್ತು.

"ಹೌದಲ್ಲ ಸಾರ್, ನಿಮಗೆ ನಾನೇ ಹಾಕಿದ್ದೀನಲ್ಲ" ಎಂದೆ.

ಅವರು ನಕ್ಕರು. ತಮಾಷೆ ಎಂದುಕೊಂಡರು. "ಯಾವಾಗಲೋ?"

"ಮೊದಲನೇದು ನಿಮಗೆ ಜ್ವರ ಬಂದಿತ್ತಲ್ಲ, ಅದು ಬಿಟ್ಟ ಮೇಲೆ. ಮಧ್ಯಾಹ್ನ ಮನೆಗೇ ಬಂದು ಹಾಕಿದೆ, ಸರಸಮ್ಮ ಒಳಗೆ ಮಲಗಿದ್ರು. ಜಗಲಿ ಮೇಲೆ ಒರಗಿ ಕೂತಿದ್ರಿ. ಬೇಡ ಬೇಡ ಅಂದ್ರಿ, ಆಮೇಲೆ ಸರಿ ಹಾಕು ಅಂದ್ರಿ. ಎರಡನೇದಕ್ಕೆ ನೀವೇ ಕರೆದ್ರಿ."

ನಾನು ಮೊದಲ ಸಲ ಒತ್ತಿದ ವಾರವೇ ಅವರಿಗೆ ಜ್ವರ ಬಂದಿದ್ದು ನಿಜ. ಮೂರು ದಿನ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು. ಮಾತ್ರೆ ಕೊಟ್ಟು ಬಂದವನೂ ನಾನೇ. ಸುಳ್ಳನ್ನು ಅಲ್ಲಿಗೇ ಹೊಲಿದೆ. ಹೇಗೆ ಹೊಳೆಯಿತೋ ಗೊತ್ತಿಲ್ಲ. ಬಾಯಿ ತೆರೆದ ಕೂಡಲೇ ಹೊಲಿಗೆ ಸಮೇತ ಬಂತು.

ಮೇಷ್ಟ್ರ ನಗು ನಿಂತಿತು. "ನಾನು ಹಾಕಿಸ್ಕೊಂಡಿಲ್ಲ" ಎಂದರು. ಅಧಿಕಾರಿ, "ವಯಸ್ಸಾದ ಮೇಲೆ ಹೀಗೆಲ್ಲ ಆಗುತ್ತೆ ಯಜಮಾನ್ರೇ" ಎಂದು ಕನಿಕರದಿಂದ ಅವರ ಬೆನ್ನು ಸವರಿದರು. ಕ್ಯೂನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ತರಗತಿಯಲ್ಲಿ ಎಷ್ಟೋ ಹುಡುಗರನ್ನು ನಗೆಪಾಟಲು ಮಾಡಿದ್ದ ಮನುಷ್ಯ, ಮಡಿಚಿದ ತೋಳನ್ನು ಇಳಿಸುವುದನ್ನೂ ಮರೆತು, ಹಾಗೇ ಹೊರಗೆ ನಡೆದರು.

ಅವರು ಸುಮ್ಮನಿರುವವರಲ್ಲ. ತಮಗೆ ಲಸಿಕೆ ಹಾಕಿಲ್ಲ, ಸುಳ್ಳು ದಾಖಲೆ ಅಳಿಸಿ, ಆಮೇಲೆ ಹಾಕಿ ಎಂದು ಅರ್ಜಿ ಬರೆದರು. ಅರ್ಜಿ ಕೋಲಾರಕ್ಕೆ ಹೋಗಿ, ಸುತ್ತಿ, ವರದಿ ಕೊಡಿ ಎಂದು ನಮ್ಮಲ್ಲಿಗೇ ಬಂತು. ಉತ್ತರದ ಕರಡು ಬರೆದದ್ದು ನಾನು: "ದಾಖಲೆಗಳನ್ನು ಪರಿಶೀಲಿಸಲಾಗಿ, ಅರ್ಜಿದಾರರು ಎರಡೂ ಡೋಸ್ ಲಸಿಕೆ ಪಡೆದಿರುವುದು ದೃಢಪಟ್ಟಿದೆ. ಅರ್ಜಿದಾರರು ವಯೋವೃದ್ಧರಾಗಿದ್ದು, ಮರೆವಿನ ಕಾರಣದಿಂದ ಸದರಿ ಅರ್ಜಿ ಸಲ್ಲಿಸಿರುವುದಾಗಿ ಕಂಡುಬರುತ್ತದೆ." ವೈದ್ಯರು ಓದದೆ ಸಹಿ ಹಾಕಿದರು. ಜೀವಮಾನವಿಡೀ ಬರೆದುಕೊಡಿ ಎಂದು ಕೇಳಿದವರಿಗೆ ಸರ್ಕಾರದ ಮೊಹರಿನ ಸಮೇತ ಬರೆದುಕೊಟ್ಟದ್ದು ಅದೊಂದನ್ನೇ.

ಒಂದು ದಿನ ಅವರ ಮನೆಗೆ ಹೋಗಿ, ಗುಟ್ಟಾಗಿ ನಿಜ ಹೇಳಿ, ಗುಟ್ಟಾಗಿಯೇ ಚುಚ್ಚಿಬರಬಹುದಿತ್ತು. ಸೀಸೆಯಲ್ಲಿ ಎಷ್ಟೋ ಸಲ ಉಳಿಯುತ್ತಿತ್ತು. ಯೋಚನೆ ಬಂತು. ಅವರು ಗುಟ್ಟಿನ ಮನುಷ್ಯರಲ್ಲ, ಬರೆದುಕೊಡು ಎನ್ನುತ್ತಾರೆ ಎಂದು ಬಿಟ್ಟುಬಿಟ್ಟೆ. ಅವರಿಗೆ ಆ ಕಾಯಿಲೆ ಬರಲಿಲ್ಲ. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಅದರ ಬದಲು ನಾನು ಮಾಡಿದ್ದು ಬೇರೆ. ಸರಸಮ್ಮ ಗಾಬರಿಯಿಂದ, "ಏನೋ ಇದು ವೆಂಕಟೇಶಾ, ನೀನು ಹಾಕಿದ್ದೀಯೋ ಇಲ್ವೋ?" ಎಂದು ಕೇಳಿದಾಗ, "ಮೇಷ್ಟ್ರ ಫೋನ್ ತನ್ನಿ ಅಮ್ಮಾ" ಎಂದೆ. ಓದದೆ ಬಿದ್ದಿದ್ದ ಎರಡೂ ಸಂದೇಶ ತೆಗೆದು ತೋರಿಸಿದೆ. ಅವರು ಕನ್ನಡಕ ಏರಿಸಿ, ಅಕ್ಷರ ಕೂಡಿಸಿ ಓದಿ, ಕೆಳಗೆ ಕೂತುಬಿಟ್ಟರು. "ಈಗೀಗ ಸ್ವಲ್ಪ ಮರೀತಾರೆ ಅನ್ಸುತ್ತೆ. ಕೋಲಾರದಲ್ಲಿ ಒಬ್ಬ ಡಾಕ್ಟ್ರಿಗೆ ತೋರ್ಸಿ" ಎಂದು ಸಲಹೆ ಕೊಟ್ಟವನು ನಾನೇ. ಊರಿನಲ್ಲೂ ನಾಲ್ಕು ಜನರ ಕಿವಿಗೆ ಹಾಕಿದೆ. ನಾಲ್ಕು ದಿನದಲ್ಲಿ ಮೇಷ್ಟ್ರಿಗೆ ಮರೆವು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಾಯಿತು. ಅವರು ಅಂಗಡಿಯಲ್ಲಿ ಸಾಮಾನು ಕಟ್ಟಿಸಿದರೆ, "ಮನೇಲಿ ಕೇಳ್ಕೊಂಡು ಬಂದ್ರಾ ಮೇಷ್ಟ್ರೇ? ನಿನ್ನೆ ತಾನೇ ತಗೊಂಡ್ರಲ್ಲ" ಎಂದು ಹುಡುಗಾಟ ಆಡುವವರು ಹುಟ್ಟಿಕೊಂಡರು. ನಿನ್ನೆ ತಗೊಂಡಿರುತ್ತಿರಲಿಲ್ಲ. ಆದರೂ ಅವರು ಒಂದು ಕ್ಷಣ ನಿಂತು ಯೋಚಿಸುವುದನ್ನು ನೋಡಲು ಜನಕ್ಕೆ ಮಜಾ.

ಒಂದು ಭಾನುವಾರ ಬೆಳಿಗ್ಗೆ ಅವರು ನನ್ನ ಮನೆಗೇ ಬಂದರು. ಅಲ್ಲಿಯವರೆಗೆ ನನ್ನ ಮನೆಯ ಹೊಸ್ತಿಲು ತುಳಿದವರಲ್ಲ. ನನ್ನ ಹೆಂಡತಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಮೇಷ್ಟ್ರು ಕೂರಲಿಲ್ಲ. ಧ್ವನಿ ತಗ್ಗಿಸಿ ಮಾತಾಡಿದರು. ಅವರು ಧ್ವನಿ ತಗ್ಗಿಸಿದ್ದನ್ನೂ ನಾನು ಮೊದಲ ಸಲ ಕೇಳಿದ್ದು.

"ನೋಡೋ, ನಾನು ಜಗಳಕ್ಕೆ ಬಂದಿಲ್ಲ. ಅರ್ಜಿ ಗಿರ್ಜಿ ಎಲ್ಲಾ ಬಿಟ್ಟೆ. ನೀನು ಸುಳ್ಳು ಬರ್ದಿದ್ರೂ ಪರವಾಗಿಲ್ಲ, ಯಾರ ಹತ್ರಾನೂ ಹೇಳಲ್ಲ. ನಿನ್ನ ಕೆಲಸಕ್ಕೆ ತೊಂದ್ರೆ ಮಾಡಲ್ಲ. ನನಗೊಬ್ಬನಿಗೆ ನಿಜ ಹೇಳು. ನೀನು ನನಗೆ ಚುಚ್ಚಿದ್ದೀಯಾ?"

ಅದಕ್ಕಿಂತ ಸುಲಭವಾದ ಅವಕಾಶವನ್ನು ಯಾರೂ ಯಾರಿಗೂ ಕೊಡಲಾರರು. ಈ ಮನುಷ್ಯ ಆಡಿದ ಮಾತಿಗೆ ತಪ್ಪುವವರಲ್ಲ ಎಂಬುದೂ ನನಗೆ ಗೊತ್ತಿತ್ತು. ಆದರೂ ಅವರು ತಗ್ಗಿಸಿದ ಆ ಧ್ವನಿ ಕೇಳಿ ನನಗೆ ಕನಿಕರ ಬರಲಿಲ್ಲ. ಹೊರೆ ಹೊತ್ತು ರಸ್ತೆಯಲ್ಲಿ ನಿಂತಿದ್ದ ನನ್ನಪ್ಪನ ನೆನಪು ಬಂತೆಂದು ಹೇಳಿದರೆ ನನಗೊಂದು ನೆಪ ಸಿಗುತ್ತದೆ. ನಿಜ ಹೇಳಬೇಕೆಂದರೆ ಅದೂ ನೆನಪಾಗಲಿಲ್ಲ. ಅವರು ನನ್ನ ಮುಂದೆ ನಿಂತು ಕೇಳುತ್ತಿದ್ದಾರೆ, ಕೊಡುವುದೂ ಬಿಡುವುದೂ ನನ್ನ ಕೈಯಲ್ಲಿದೆ ಎಂಬುದಷ್ಟೇ ಗೊತ್ತಾಯಿತು. ಅದು ಹಿತವಾಗಿತ್ತು.

"ಚುಚ್ಚಿದ್ದೀನಿ ಸಾರ್. ನೀವೇ ಮರ್ತಿದ್ದೀರಿ."

ಅವರು ಅಂಗಿಯ ತೋಳು ಸರಿಸಿ ಎಡಗೈ ನೋಡಿಕೊಂಡರು. ಬೆರಳಿನಿಂದ ತಡವಿದರು. "ಗುರುತು ಇರಲ್ವೇನೋ?"

"ಇರಲ್ಲ ಸಾರ್. ಸಣ್ಣ ಸೂಜಿ."

"ಸರಿ" ಎಂದರು. ಮಗುವಿನ ಕಡೆ ಒಮ್ಮೆ ನೋಡಿ, ಹೋದರು.

ಆಮೇಲಿನ ಮೇಷ್ಟ್ರು ಬೇರೆಯವರೇ. ಜೇಬಿನಲ್ಲಿ ಪೆನ್ನು ಇರುತ್ತಿತ್ತು, ಬರೆದುಕೊಡಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಯಾರಾದರೂ ಪಿಂಚಣಿ ಅರ್ಜಿ ತಂದು ಸಾಕ್ಷಿ ಸಹಿ ಕೇಳಿದರೆ, "ಬೇಡಪ್ಪ, ನನ್ನ ಸಾಕ್ಷಿ ನಡೆಯಲ್ಲ" ಎಂದು ಒಳಗೆ ಹೋಗುತ್ತಿದ್ದರು. ಜಗಲಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಪಾಠವನ್ನೂ ನಿಲ್ಲಿಸಿದರು. ತಪ್ಪು ಹೇಳಿಕೊಟ್ಟುಬಿಟ್ಟರೆ ಎಂಬ ಭಯ. ಮಾತಿನ ಧಾಟಿಯೇ ಬದಲಾಯಿತು. ಊಟ ಆಯ್ತಾ ಮೇಷ್ಟ್ರೇ ಎಂದರೆ, ಒಳಗಿರುವ ತಂಗಿಯ ಕಡೆ ತಿರುಗಿ ನೋಡಿ, "ಆಯ್ತಂತೆ" ಎನ್ನುತ್ತಿದ್ದರು. ಒಮ್ಮೆ ಬೇರೊಂದು ಕಾಯಿಲೆಗೆ ಕೋಲಾರದ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನೇ ಜೊತೆಗೆ ಹೋಗಿದ್ದೆ. ಅಲ್ಲಿನ ಡಾಕ್ಟರು ಕೊರೋನಾ ಲಸಿಕೆ ಆಗಿದೆಯಾ ಎಂದು ಕೇಳಿದರು. ಮೇಷ್ಟ್ರು ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಪಾಠ ಒಪ್ಪಿಸುವ ಹುಡುಗನ ಹಾಗೆ, "ಹಾಕ್ಸ್ಕೊಂಡಿದ್ದೀನಂತೆ" ಎಂದರು.

ನನಗೆ ಕೆಲಸ ಕಾಯಂ ಆಯಿತು. ಕೋಲಾರಕ್ಕೆ ವರ್ಗವಾಯಿತು. ಊರಿಗೆ ಹೋದಾಗ ಅವರ ಮನೆಗೂ ಹೋಗಿ, ಹಣ್ಣು ಕೊಟ್ಟು, ರಕ್ತದೊತ್ತಡ ನೋಡಿ ಬರುತ್ತಿದ್ದೆ. ಎಷ್ಟು ಕೃತಜ್ಞತೆಯ ಶಿಷ್ಯ ಎಂದು ಊರು ಹೊಗಳುತ್ತಿತ್ತು. ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಕುಡಿದು ಒರಗಿದವರು ಏಳಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದು, ನೆಂಟರೆಲ್ಲ ಮಧ್ಯಾಹ್ನದ ಬಸ್ಸಿಗೆ ಹೋದ ಮೇಲೆ, ಸರಸಮ್ಮ ನನ್ನನ್ನು ಉಳಿಸಿಕೊಂಡರು. "ನಿನಗೊಂದು ಕೊಡಬೇಕು" ಎಂದು ಒಳಗಿನಿಂದ ಉದ್ದನೆಯ ನೋಟ್‌ಪುಸ್ತಕ ತಂದರು. ನೆನಪಿಗೆ ಒಳ್ಳೆಯದು, ದಿನದ ಸಂಗತಿ ಬರೆದಿಡಿ ಎಂದು ಡಾಕ್ಟರು ಹೇಳಿದ್ದರಂತೆ. ದುಂಡಗಿನ ಅಕ್ಷರ, ಒಂದು ಚಿತ್ತೂ ಇಲ್ಲ. ಎಷ್ಟು ಹೊತ್ತಿಗೆ ಎದ್ದೆ, ಯಾರು ಬಂದರು, ಏನು ತಿಂದೆ. ಮರೆವಿನ ಮನುಷ್ಯ ಬರೆಯುವ ಪುಸ್ತಕವಲ್ಲ ಅದು. ಮೊದಲ ಪುಟದಲ್ಲಿ ಮಾತ್ರ ದಿನಚರಿಯಿರಲಿಲ್ಲ. ನಾನು ಮೊದಲ ಲಸಿಕೆ ಹಾಕಿದೆನೆಂದು ದಾಖಲೆಯಲ್ಲಿರುವ ಆ ಒಂದು ದಿನವನ್ನು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದ್ದರು. ಆ ದಿನ ಪೇಪರಿನಲ್ಲಿ ಬಂದ ಸುದ್ದಿ, ಹಾಲಿನವನು ಬಂದ ಹೊತ್ತು, ಸರಸು ಮಾಡಿದ ಗಂಜಿ, ಬೀದಿಯಲ್ಲಿ ಹೋದ ಟೊಮೆಟೊ ಲಾರಿ. ಎಲ್ಲ ನೆನಪಿತ್ತು. ನಾನು 'ಹಾಕಲಾಗಿದೆ' ಎಂದು ಒತ್ತಿದ ಆ ಮಧ್ಯಾಹ್ನದ ಹೊತ್ತಿನ ಎದುರು ಒಂದಿಷ್ಟು ಜಾಗ ಖಾಲಿ ಬಿಟ್ಟು, ಕೆಳಗೆ ಬರೆದಿದ್ದರು: "ವೆಂಕಟೇಶ ಬಂದದ್ದು ನೆನಪಾಗುತ್ತಿಲ್ಲ. ಆದರೆ ಅವನು ನನಗೆ ಸುಳ್ಳು ಹೇಳಲಾರ. ಆದ್ದರಿಂದ ತಪ್ಪು ನನ್ನದೇ."

"ನಿನ್ನ ಹೆಸರು ಅದರಲ್ಲಿ ಬಹಳ ಕಡೆ ಇದೆ, ನೀನೇ ಇಟ್ಕೋ" ಎಂದರು ಸರಸಮ್ಮ. "ನಿನ್ನಿಂದ ತುಂಬಾ ಉಪಕಾರ ಆಯ್ತಪ್ಪ. ನೀನು ಅವತ್ತು ಹೇಳದೆ ಇದ್ದಿದ್ರೆ ಅವನಿಗೆ ಮರೆವು ಅಂತ ನಮಗೆ ಗೊತ್ತೇ ಆಗ್ತಿರ್ಲಿಲ್ಲ."

ಆಗ ನನಗೆ ತಡೆಯಲಾಗಲಿಲ್ಲ. ಎದೆ ಹಗುರ ಮಾಡಿಕೊಳ್ಳಬೇಕು ಅನ್ನಿಸಿತು. ಇಷ್ಟು ವರ್ಷ ಬೇಡವಾಗಿದ್ದದ್ದು ಆ ಒಂದು ಗಳಿಗೆಯಲ್ಲಿ ಬೇಕಾಯಿತು.

"ಅಮ್ಮಾ, ಮೇಷ್ಟ್ರಿಗೆ ಮರೆವು ಇರ್ಲಿಲ್ಲ. ನಾನು ಅವರಿಗೆ ಲಸಿಕೆ ಹಾಕೇ ಇಲ್ಲ. ಕಂಪ್ಯೂಟರಲ್ಲಿ ಸುಳ್ಳು ಬರ್ದೆ. ಅವರು ಹೇಳ್ತಿದ್ದಿದ್ದೇ ನಿಜ."

ಅವರು ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ನೋಡಿದರು. ಆಮೇಲೆ ಎದ್ದು, ಗೂಡಿನಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದೆ ಸುರಿದರು. ಮಾತ್ರೆಯ ಹಾಳೆಗಳು. ಹೆಚ್ಚಿನವು ಖಾಲಿ.

"ಮರೆವಿನ ಮಾತ್ರೆ. ಕೋಲಾರದ ಡಾಕ್ಟ್ರು ಬರ್ಕೊಟ್ಟಿದ್ದು" ಎಂದರು. "ಇದು ನುಂಗಿದ್ರೆ ಅವನಿಗೆ ಹೊಟ್ಟೆ ತೊಳಸೋದು, ತಲೆ ತಿರುಗೋದು. ಬೇಡ ಕಣೇ ಸರಸೂ, ನಂಗೇನೂ ಆಗಿಲ್ಲ ಅಂತಿದ್ದ. ದಿನಾ ಅಂತಿದ್ದ. ನಿಂಗೆ ಗೊತ್ತಾಗಲ್ಲ ಅಣ್ಣಯ್ಯ, ನಿನ್ನ ಒಳ್ಳೇದಕ್ಕೇ ಅಂತ ನಾನು ದವಡೆ ಹಿಡ್ದು ನುಂಗಿಸ್ತಿದ್ದೆ. ಒಂದು ಸಲ ಉಗುಳಿದ. ಕೆನ್ನೆಗೆ ಹೊಡ್ದೆ. ನಮ್ಮಪ್ಪನ ಸಮಾನ ಅವನು, ಅವನ ಕೆನ್ನೆಗೆ ಹೊಡ್ದೆ."

ನಾನು ಏನೋ ಹೇಳಲು ಬಾಯಿ ತೆರೆದೆ.

"ಸುಮ್ನಿರು" ಎಂದರು. ಮಾತ್ರೆಯ ಹಾಳೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕತೊಡಗಿದರು. "ಅವನು ಬದುಕಿದ್ದಾಗ ಹೇಳಿದ್ರೆ ಅವನಿಗಾಗ್ತಿತ್ತು. ಅವನು ಹೋದ. ನಾನು ಇನ್ನೂ ಇದ್ದೀನಿ. ಇದನ್ನ ಈಗ ತಂದು ನನಗ್ಯಾಕೋ ಕೊಟ್ಟೆ?"

ಪುಸ್ತಕ ತೆಗೆದುಕೊಂಡು ಹೋಗಲೋ ಬಿಟ್ಟು ಹೋಗಲೋ ತಿಳಿಯದೆ ನಿಂತೆ. ಅವರೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ನಾನು ಚಪ್ಪಲಿ ಮೆಟ್ಟಿ ಬೀದಿಗಿಳಿದೆ. ಹಿಂದೆ ಬಾಗಿಲು ಹಾಕಿ ಅಗುಳಿ ಎಳೆದುಕೊಂಡದ್ದು ಕೇಳಿಸಿತು.